ಒಂದು ಕಾರು, ಏಳು ಬೆಲೆ: ಬಾಗಲಕೋಟೆಯ ಒಂದು ಖರೀದಿಯ ಲೆಕ್ಕ

2025ರ ಡಿಸೆಂಬರಿನಲ್ಲಿ ನಮ್ಮ ಕಾಕಾ-ಕಾಕು ಬಾಗಲಕೋಟೆಯ ಒಂದು ಶೋರೂಮಿನಲ್ಲಿ ಹೊಸ ಕಾರು ಕೊಂಡರು. ಮೊದಲ ಕೋಟೇಶನ್‌ನಲ್ಲಿ ಇದ್ದದ್ದು 9,76,600 ರೂಪಾಯಿ. ಕೊನೆಗೆ ಕೊಟ್ಟದ್ದು 9,06,600. ಎಪ್ಪತ್ತು ಸಾವಿರ ಕಡಿಮೆ. ಆದರೆ ಶೋರೂಮಿನವರು 'ಡಿಸ್ಕೌಂಟ್' ಅಂತ ಹೆಚ್ಚಿಗೆ ಬಿಟ್ಟದ್ದು 18,000 ಮಾತ್ರ. ಉಳಿದ 52,000 ಬೇರೆ ಸಾಲುಗಳಿಂದ ಬಂತು. ಆ ಸಾಲುಗಳನ್ನು ಒಂದೊಂದಾಗಿ ಬಿಡಿಸಿ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಕಾರು ಕೊಳ್ಳುವವರು ಎಲ್ಲಿ ಚೌಕಾಸಿ ಮಾಡಬೇಕೋ ಅಲ್ಲಿ ಮಾಡುವುದಿಲ್ಲ ಅನ್ನೋದು ನನಗೆ ಬಹಳ ದಿನದಿಂದ ಕಾಡುವ ಸಂಗತಿ.

ಕಾಕಾಗೆ ಕಲಾದಗಿ ಹತ್ತಿರ ಚಿಕ್ಕು ತೋಟ ಇದೆ. ಕಾಕು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮನೆಯಲ್ಲಿ 2014ರ ಹಳೆ ಕಾರು ಇತ್ತು, ಕಾಕಾನ ಹೆಸರಿನಲ್ಲಿ. ಹೊಸದಾಗಿ ನೋಡಿದ್ದು ನಾಲ್ಕು ಮೀಟರಿಗಿಂತ ಚಿಕ್ಕದಾದ, 1,197 ಸಿಸಿ ಪೆಟ್ರೋಲ್ ಗಾಡಿ. ಎಕ್ಸ್ ಶೋರೂಮ್ ಬೆಲೆ, ಅಂದರೆ ನೋಂದಣಿ, ವಿಮೆ ಸೇರದ ಬೆಲೆ, 7,98,000.

ಕಾಕಾ ವ್ಯವಹಾರದಲ್ಲಿ ಪಳಗಿದವರು. ಜಾತ್ರೆಯ ದನದ ಸಂತೆಯಲ್ಲಿ ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಎತ್ತಿನ ಬೆಲೆ ಕುದುರಿಸುವುದನ್ನು ಅವರಿಂದ ನೋಡಿ ಕಲಿಯಬೇಕು. ಅಲ್ಲಿ ಒಂದು ಜೋಡಿ ಎತ್ತಿಗೆ ಒಂದೇ ಬೆಲೆ. ಬೆರಳು ಒಪ್ಪಿತು ಅಂದರೆ ಮಾತು ಮುಗೀತು. ಶೋರೂಮಿನಲ್ಲೂ ಅವರು ಹಾಗೇ ಶುರು ಮಾಡಿದರು.

"ಎಷ್ಟು ಬಿಡ್ತೀರಿ ಹೇಳ್ರಿ. ಒಂದ ಮಾತು."

ಸೇಲ್ಸ್ ಹುಡುಗ ಹದಿನೈದು ಸಾವಿರ ಅಂದ. ಕಾಕಾ ಎದ್ದು ನಿಂತರು. ಮ್ಯಾನೇಜರ್ ಬಂದರು, ಚಹಾ ಬಂತು, ಹದಿನೈದು ಹೋಗಿ ಇಪ್ಪತ್ತೈದು ಆಯಿತು. "ಜಿಎಸ್‌ಟಿನೂ ಇಳದೈತಿ, ಇದರ ಮ್ಯಾಲೆ ಬಿಡಾಕ ಏನೂ ಉಳದಿಲ್ರಿ ಕಾಕಾರ" ಅಂದರು ಮ್ಯಾನೇಜರ್. ಕಾಕಾಗೆ ತೃಪ್ತಿ ಆಯಿತು. ಅಲ್ಲೇ ಬುಕಿಂಗ್ ಹಣ ಕೊಡಲು ಜೇಬಿಗೆ ಕೈ ಹಾಕಿದ್ದರು. ಕಾಕು ಮಾತ್ರ, "ತಮ್ಮಾ, ಆ ಹಾಳಿ ಕೊಡು. ಮನ್ಯಾಗ ನೋಡಿ ಹೇಳ್ತೀವಿ" ಅಂದು ಕೋಟೇಶನ್ ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡರು.

ಜಿಎಸ್‌ಟಿ ಮಾತನ್ನು ಇಲ್ಲೇ ಮುಗಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಮೇಲಿದ್ದ ಸೆಸ್ ಕೂಡ ಹೋಯಿತು. ಅದು ಸರ್ಕಾರ ಇಳಿಸಿದ ತೆರಿಗೆ, ಡೀಲರ್ ತನ್ನ ಲಾಭದಿಂದ ಬಿಟ್ಟ ದುಡ್ಡಲ್ಲ. ಹಾಗಾಗಿ ಅದನ್ನು ಮುಂದಿಟ್ಟು 'ಇನ್ನೇನೂ ಉಳಿದಿಲ್ಲ' ಅನ್ನುವುದು ಸರಿಯಾದ ವಾದವೇ ಅಲ್ಲ.

ಹಾಳೆಯಲ್ಲಿ ಏನಿತ್ತು

ಎಕ್ಸ್ ಶೋರೂಮ್ 7,98,000. ಆರ್‌ಟಿಒ 1,32,000. ಇನ್ಶೂರೆನ್ಸ್ 49,200. ಎಕ್ಸ್‌ಟೆಂಡೆಡ್ ವಾರಂಟಿ 12,400. ಆಕ್ಸೆಸರಿ ಕಿಟ್ 17,900. ಹ್ಯಾಂಡ್ಲಿಂಗ್ 6,500. ಫಾಸ್ಟ್ಯಾಗ್ 600. ಒಟ್ಟು 10,16,600. ಅದರಲ್ಲಿ ಡಿಸ್ಕೌಂಟ್ 25,000, ಹಳೆ ಕಾರನ್ನು ಅವರಿಗೇ ಕೊಟ್ಟರೆ ಸಿಗುವ ಎಕ್ಸ್‌ಚೇಂಜ್ ಬೋನಸ್ 15,000 ಕಳೆದು 9,76,600. ಹಳೆ ಕಾರಿಗೆ 1,70,000 ಅಂತ ಕೆಳಗೆ ಪೆನ್ನಿನಲ್ಲಿ ಬರೆದಿತ್ತು.

ಏಳು ಸಾಲು, ಏಳು ಬೆಲೆ. ಕಾಕಾ ಚೌಕಾಸಿ ಮಾಡಿದ್ದು ಕೊನೆಯ 25,000ದ ಬಗ್ಗೆ ಮಾತ್ರ. ಅದೇ ಹಾಳೆಯಲ್ಲಿ ಮೇಲಿನ ಸಾಲುಗಳೊಳಗೆ ಅದರ ಎರಡರಷ್ಟು ದುಡ್ಡು ಸದ್ದಿಲ್ಲದೆ ಕೂತಿತ್ತು.

ಆರ್‌ಟಿಒ ಸಾಲಿನಿಂದ, ಅಂದರೆ ಪಾಸಿಂಗ್ (ನೋಂದಣಿ) ಖರ್ಚಿನಿಂದ ಶುರು ಮಾಡೋಣ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಒಳಗಿನ ಕಾರಿಗೆ ಜೀವಿತಾವಧಿ ತೆರಿಗೆ ಶೇ. 14. ಆ ತೆರಿಗೆಯ ಮೇಲೆ ಶೇ. 11 ಸೆಸ್. 7,98,000ಕ್ಕೆ ಶೇ. 14 ಅಂದರೆ 1,11,720. ಸೆಸ್ 12,289. ಎರಡೂ ಸೇರಿ 1,24,009. ನೋಂದಣಿ ಶುಲ್ಕ 600, ಸಾಲ ಇದ್ದರೆ ಆರ್‌ಸಿಯಲ್ಲಿ ಅದನ್ನು ನಮೂದಿಸಲು 1,500, ಸ್ಮಾರ್ಟ್ ಕಾರ್ಡಿಗೆ 200. ಇನ್ನೂ ಸಣ್ಣಪುಟ್ಟದ್ದು ಸೇರಿಸಿದರೂ 1,32,000 ಆಗಲ್ಲ. ಕಾಕು ಈ ಲೆಕ್ಕವನ್ನು ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡರು. ಶೋರೂಮಿಗೆ ಹೋದಾಗ ಜಗಳ ಮಾಡಲಿಲ್ಲ. "ಆರ್‌ಟಿಒ ರಸೀದಿ ಎಷ್ಟಕ್ಕ ಬರತೈತಿ, ಅಷ್ಟ ಕೊಡ್ತೀವಿ. ರಸೀದಿ ನಮಗ ಕೊಡಬೇಕು" ಅಂದರು, ಅಷ್ಟೇ. ಅದಕ್ಕೆ ಇಲ್ಲ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಕೊನೆಗೆ ಬಂದ ರಸೀದಿಗಳ ಮೊತ್ತ ಸುಮಾರು 1,27,300.

ಹ್ಯಾಂಡ್ಲಿಂಗ್ ಅನ್ನೋದು ಕಂಪನಿಯ ಗೋದಾಮಿನಿಂದ ಶೋರೂಮಿಗೆ ಗಾಡಿ ತಂದ ಖರ್ಚು ಅಂತೆ. ಶೋರೂಮಿನಲ್ಲಿ ಇರುವ ಗಾಡಿಯ ಬೆಲೆಯನ್ನೇ ಅಲ್ವಾ ಎಕ್ಸ್ ಶೋರೂಮ್ ಅನ್ನೋದು? ತಂದ ಖರ್ಚು ಅದರೊಳಗೇ ಇರಬೇಕು. ಈ ಸಾಲನ್ನು ಗಟ್ಟಿಯಾಗಿ ಕೇಳಿದರೆ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಇಲ್ಲೂ ಬಿಟ್ಟರು.

ಆಕ್ಸೆಸರಿ ಕಿಟ್‌ನಲ್ಲಿ ಸೀಟ್ ಕವರ್, ಮ್ಯಾಟ್, ಮಡ್ ಫ್ಲಾಪ್, ಬಾಡಿ ಕವರ್, ಸುಗಂಧದ ಡಬ್ಬಿ, ಬಾಗಿಲ ಅಂಚಿನ ಪಟ್ಟಿ ಎಲ್ಲ ಇತ್ತು. ಬೇಕಾದದ್ದು ಮ್ಯಾಟ್ ಮತ್ತು ಮಡ್ ಫ್ಲಾಪ್, 3,800. ಉಳಿದದ್ದು ಬೇಕು ಅನಿಸಿದರೆ ಊರಿನ ಅಂಗಡಿಯಲ್ಲೇ ಸಿಗುತ್ತದೆ. ವಾರಂಟಿಯ 12,400 ಉಳಿತಾಯ ಅನ್ನುವುದಕ್ಕಿಂತ ಮುಂದೂಡಿದ್ದು ಅನ್ನಬೇಕು. ಈ ಕಂಪನಿಯಲ್ಲಿ ಮೊದಲ ವಾರಂಟಿ ಮುಗಿಯುವುದರೊಳಗೆ ಅದನ್ನು ತೆಗೆದುಕೊಳ್ಳಬಹುದು. ಆಮೇಲೆ ಬೆಲೆ ಸ್ವಲ್ಪ ಜಾಸ್ತಿ ಆಗಬಹುದು, ಗೊತ್ತಿದ್ದೇ ಬಿಟ್ಟರು.

ಇನ್ಶೂರೆನ್ಸ್, ಮತ್ತೆ ಯಾರ ಹೆಸರಿನಲ್ಲಿ ಗಾಡಿ

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಈ ಭಾಗ. ಯಾಕೆಂದರೆ ಇಲ್ಲಿ ದುಡ್ಡು ಹೋಗುವುದು ಗೊತ್ತೇ ಆಗುವುದಿಲ್ಲ.

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ, ಕಡ್ಡಾಯ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರಿನಿಂದ ಈ ನಿಯಮ ಇದೆ. ಸಾವಿರದಿಂದ ಒಂದೂವರೆ ಸಾವಿರ ಸಿಸಿ ಗಾಡಿಗೆ ಅದು 10,640, ಜೊತೆಗೆ ಜಿಎಸ್‌ಟಿ. ಎಲ್ಲಿ ಕೊಂಡರೂ ಅದೇ ದರ, ಅದರಲ್ಲಿ ಚೌಕಾಸಿ ಇಲ್ಲ. ಕುದುರಿಸಲು ಜಾಗ ಇರುವುದು ನಮ್ಮ ಗಾಡಿಗೆ ಆಗುವ ಹಾನಿಯ ಭಾಗದಲ್ಲಿ ಮತ್ತು ಅದರ ಮೇಲೆ ಹೇರುವ ಆಡ್-ಆನ್‌ಗಳಲ್ಲಿ, ಅಂದರೆ ಹೆಚ್ಚುವರಿ ರಕ್ಷಣೆಗಳಲ್ಲಿ. ಶೋರೂಮಿನ ವಿಮೆಯನ್ನೇ ಕೊಳ್ಳಬೇಕು ಅಂತ ಯಾವ ಕಾನೂನೂ ಇಲ್ಲ.

ಹಳೆ ಕಾರಿಗೆ ಕಾಕಾ ನಾಲ್ಕು ವರ್ಷ ಒಂದೂ ಕ್ಲೇಮ್ ಮಾಡಿರಲಿಲ್ಲ. ಅಂದರೆ ಶೇ. 45 ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದವರಿಗೆ ಸ್ವಂತ ಗಾಡಿಯ ಹಾನಿಯ ಭಾಗದ ವಿಮೆ ದರದಲ್ಲಿ ಸಿಗುವ ರಿಯಾಯಿತಿ ಇದು. ಈ ಬೋನಸ್ ಗಾಡಿಗೆ ಸೇರಿದ್ದಲ್ಲ, ಮಾಲೀಕನಿಗೆ ಸೇರಿದ್ದು. ಹಳೆ ಗಾಡಿ ಮಾರಿ ಹೊಸದು ಕೊಂಡರೆ ಹೊಸ ಪಾಲಿಸಿಗೆ ಅದನ್ನು ತರಬಹುದು. ವಿಮಾ ಕಂಪನಿಯಿಂದ ಒಂದು ಪತ್ರ ಬೇಕು, ಹಳೆ ಗಾಡಿ ಕೈಬಿಟ್ಟದ್ದಕ್ಕೆ ದಾಖಲೆ ಬೇಕು. ಶೋರೂಮಿನ ಕೋಟೇಶನ್‌ನಲ್ಲಿ ಇದರ ಸುಳಿವೂ ಇರಲಿಲ್ಲ. ಹಳೆ ಗಾಡಿಯನ್ನು ಅವರೇ ಕೊಳ್ಳುತ್ತಿದ್ದಾರೆ, ಅದರ ಪಾಲಿಸಿಯ ಝೆರಾಕ್ಸ್ ಅವರ ಟೇಬಲ್ ಮೇಲೇ ಇದೆ. ಆದರೂ ಯಾರೂ ಹೇಳಲಿಲ್ಲ.

ಇಲ್ಲೇ ಒಂದು ತೊಡಕು ಬಂತು. ಸಾಲಕ್ಕೆ ಕಾಕುವಿನ ಸಂಬಳದ ಚೀಟಿ ಅನುಕೂಲ ಅಂತ ಗಾಡಿಯನ್ನು ಅವರ ಹೆಸರಿನಲ್ಲಿ ಮಾಡುವ ಮಾತಾಗಿತ್ತು. ಹಾಗೆ ಮಾಡಿದರೆ ಕಾಕಾನ ಬೋನಸ್ ಅಲ್ಲಿಗೇ ಮುಗಿಯುತ್ತದೆ. ಗಂಡ ಬದುಕಿರುವಾಗ ಅವನ ಬೋನಸ್ ಹೆಂಡತಿಯ ಗಾಡಿಗೆ ಬರುವುದಿಲ್ಲ. ಹಾಗಾಗಿ ಗಾಡಿ ಕಾಕಾನ ಹೆಸರಿಗೆ, ಸಾಲದಲ್ಲಿ ಕಾಕು ಜೊತೆ ಅರ್ಜಿದಾರರು ಅಂತ ಬದಲಾಯಿಸಿದರು. ಬ್ಯಾಂಕಿಗೂ ಅದು ನಡೆಯಿತು.

ಆಡ್-ಆನ್‌ಗಳಲ್ಲಿ ಝೀರೋ ಡೆಪ್ರಿಸಿಯೇಶನ್ (ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವುದು) ಮತ್ತು ಎಂಜಿನ್ ರಕ್ಷಣೆ ಉಳಿಸಿಕೊಂಡರು. ಕೀಲಿ ಕಳೆದರೆ, ಟೈರ್ ಒಡೆದರೆ, ಸಾಮಾನು ಹೋದರೆ ಅನ್ನುವವನ್ನೆಲ್ಲ ತೆಗೆಸಿದರು. ಅದೇ ಪಟ್ಟಿ ಹಿಡಿದು ಹೊರಗಿನ ಏಜೆಂಟರ ಹತ್ತಿರ ಕೇಳಿದಾಗ ಬಂದದ್ದು 34,900. ಆ ಕಾಗದ ತೋರಿಸಿದ ಮೇಲೆ ಶೋರೂಮಿನವರೂ 34,900ಕ್ಕೇ ಬಂದರು. ಕಾಕು ಅವರ ಹತ್ತಿರವೇ ಮಾಡಿಸಿದರು. ಅಪಘಾತ ಆದರೆ ಅದೇ ವರ್ಕ್‌ಶಾಪಿನಲ್ಲಿ ಕ್ಲೇಮ್ ಸುಲಭ ಆಗುತ್ತದೆ, ದರ ಒಂದೇ ಆದ ಮೇಲೆ ಹೊರಗೆ ಯಾಕೆ ಹೋಗಬೇಕು? ನನಗೂ ಅದು ಸರಿ ಅನಿಸಿತು.

ಐದೂವರೆ ಪರ್ಸೆಂಟಿನ ಸಾಲ

ಶೋರೂಮಿನಲ್ಲೇ ಕೂತಿದ್ದ ಫೈನಾನ್ಸ್ ಹುಡುಗ ಬಹಳ ನಯವಾಗಿ ಮಾತಾಡುವವನು. "ಬ್ಯಾಂಕಿನಾಗ ಒಂಬತ್ತು ಪರ್ಸೆಂಟ್ ಅಂತಾರ್ರಿ ಮೇಡಮ್. ನಮ್ಮಲ್ಲಿ ಬರೀ ಐದೂವರೆ" ಅಂದ. ಆರು ಲಕ್ಷ, ಐದು ವರ್ಷ. ಕಾಕಾ ನನ್ನ ಕಡೆ ನೋಡಿದರು, ಇಷ್ಟು ಕಡಿಮೆ ಸಿಗುವಾಗ ಬ್ಯಾಂಕಿಗೆ ಯಾಕೆ ಅಲೆಯಬೇಕು ಅನ್ನುವ ಹಾಗೆ.

ಐದೂವರೆ ಅನ್ನೋದು ಫ್ಲಾಟ್ ಬಡ್ಡಿ. ತಿಂಗಳು ತಿಂಗಳು ಅಸಲು ತೀರಿಸುತ್ತಾ ಹೋದರೂ, ಐದೂ ವರ್ಷ ಪೂರ್ತಿ ಆರು ಲಕ್ಷದ ಮೇಲೇ ಬಡ್ಡಿ ಹಾಕುತ್ತಾರೆ. ಲೆಕ್ಕ ನೋಡಿ. ವರ್ಷಕ್ಕೆ 33,000ದಂತೆ ಐದು ವರ್ಷಕ್ಕೆ 1,65,000 ಬಡ್ಡಿ. ಅಸಲು ಸೇರಿ 7,65,000. ಅರವತ್ತು ಕಂತಿಗೆ ಹಂಚಿದರೆ ತಿಂಗಳಿಗೆ 12,750. ಬ್ಯಾಂಕಿನ ಒಂಬತ್ತು ಪರ್ಸೆಂಟ್ ಉಳಿದ ಅಸಲಿನ ಮೇಲಷ್ಟೇ ಬೀಳುತ್ತದೆ. ಅದರ ಕಂತು 12,455. ಅಂದರೆ 'ಐದೂವರೆ'ಯ ಸಾಲ 'ಒಂಬತ್ತ'ರ ಸಾಲಕ್ಕಿಂತ ತಿಂಗಳಿಗೆ 295 ರೂಪಾಯಿ ದುಬಾರಿ, ಐದು ವರ್ಷಕ್ಕೆ 17,700. ಬ್ಯಾಂಕಿನ ಭಾಷೆಯಲ್ಲಿ ಹೇಳಿದರೆ ಆ ಐದೂವರೆ ಹೆಚ್ಚುಕಡಿಮೆ ಹತ್ತು ಪರ್ಸೆಂಟಿಗೆ ಸಮ.

ಕಾಕು ಬಡ್ಡಿ ದರದ ಬಗ್ಗೆ ವಾದಕ್ಕೇ ಇಳಿಯಲಿಲ್ಲ. "ತಿಂಗಳಾ ಹಪ್ತಾ ಎಷ್ಟು, ಎಷ್ಟು ಹಪ್ತಾ, ಫೈಲ್ ಚಾರ್ಜ್ ಎಷ್ಟು, ಅಷ್ಟ ಬರದ ಕೊಡು ತಮ್ಮಾ" ಅಂದರು. ಎರಡು ಕಡೆಯ ಅಂಕಿ ಅಕ್ಕಪಕ್ಕ ಇಟ್ಟ ಮೇಲೆ ಮಾತಿಗೆ ಏನೂ ಉಳಿಯಲಿಲ್ಲ. ಸಾಲ ಅವರ ಸಂಬಳ ಬೀಳುವ ಬ್ಯಾಂಕಿನಲ್ಲೇ ಆಯಿತು.

ಒಂದು ಮಾತು ಹೇಳಬೇಕು. ಈ ಹುಡುಗರ ಮೇಲೆ ಸಿಟ್ಟು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ವಿಮೆ, ಸಾಲ, ಕಿಟ್ ಇವುಗಳಲ್ಲೇ ಶೋರೂಮಿಗೆ ಲಾಭ ಸಿಗುವುದು, ಹುಡುಗರಿಗೆ ಇನ್ಸೆಂಟಿವ್ ಸಿಗುವುದೂ ಅದರಲ್ಲೇ. ಕಾಕು ಒಮ್ಮೆಯೂ ದನಿ ಏರಿಸಲಿಲ್ಲ. ಸೇಲ್ಸ್ ಹುಡುಗನೇ ಕೊನೆಕೊನೆಗೆ, "ಮೇಡಮ್, ನಿಮ್ಮ ಸ್ಕೂಲ್ ಐಡಿ ತರ್ರಿ, ಸರ್ಕಾರಿ ನೌಕರರಿಗೆ ಕಂಪನಿ ಕಡಿಂದ ಐದು ಸಾವಿರ ಐತಿ" ಅಂತ ತಾನಾಗೇ ಹೇಳಿದ. ಗಾಡಿ ಗಂಡನ ಹೆಸರಿನಲ್ಲಿದ್ದರೂ ಆ ರಿಯಾಯಿತಿ ಸಿಕ್ಕಿತು.

ಬೆಳಗಾವಿಯ ಫೋನು, ವರ್ಷದ ಕೊನೆ

ಇನ್ನು ನೇರ ಡಿಸ್ಕೌಂಟಿನ ವಿಷಯ. ವಿಜಯಪುರ ಮತ್ತು ಬೆಳಗಾವಿಯ ಅದೇ ಕಂಪನಿಯ ಶೋರೂಮುಗಳಿಂದ ಕಾಕು ವಾಟ್ಸಾಪಿನಲ್ಲಿ ಕೋಟೇಶನ್ ತರಿಸಿದರು. ವಿಜಯಪುರದ್ದು ಹೆಚ್ಚುಕಡಿಮೆ ಇಲ್ಲಿಯಷ್ಟೇ. ಬೆಳಗಾವಿಯವರು 40,000 ಬಿಡಲು ತಯಾರಿದ್ದರು. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯ ಪ್ರಕಾರ ನಾವಿರುವ ರಾಜ್ಯದ ಯಾವ ಆರ್‌ಟಿಒದಲ್ಲಾದರೂ ನೋಂದಣಿ ಮಾಡಿಸಬಹುದು. ತೆರಿಗೆ ರಾಜ್ಯದ ತುಂಬಾ ಒಂದೇ. ಹಾಗಾಗಿ ಬೆಳಗಾವಿಯ ಬೆಲೆ ಸುಮ್ನೆ ಹೆದರಿಸಲು ತಂದದ್ದಲ್ಲ, ನಿಜವಾಗಿಯೂ ಹೋಗಿ ಕೊಳ್ಳಬಹುದಾದ ಬೆಲೆ. ಸೊಲ್ಲಾಪುರ, ಕೊಲ್ಹಾಪುರದ ಮಾತು ಬೇರೆ. ಅಲ್ಲಿ ಅಗ್ಗ ಅಂತ ನಮ್ಮ ಗಡಿ ಊರುಗಳಲ್ಲಿ ಯಾವಾಗಲೂ ಯಾರಾದರೂ ಹೇಳುತ್ತಿರುತ್ತಾರೆ. ವಿಳಾಸ ಕರ್ನಾಟಕದ್ದು ಅಂದ ಮೇಲೆ ತೆರಿಗೆಯನ್ನು ಇಲ್ಲೇ ಕಟ್ಟಬೇಕು.

ಬೆಳಗಾವಿಯ ಹಾಳೆ ನೋಡಿ ಬಾಗಲಕೋಟೆಯ ಮ್ಯಾನೇಜರ್ 38,000ಕ್ಕೆ ಬಂದರು. ಮೊದಲಿನ 25,000ಕ್ಕಿಂತ 13,000 ಹೆಚ್ಚು, ಸರ್ಕಾರಿ ನೌಕರರ ಐದು ಸಾವಿರ ಸೇರಿ 18,000. ಸರ್ವಿಸಿಗೆ ಇಲ್ಲಿಗೇ ಬರಬೇಕಲ್ಲ, ಎರಡು ಸಾವಿರಕ್ಕೆ ಬೆಳಗಾವಿ ದಾರಿ ಹಿಡಿಯುವುದು ಬೇಡ ಅಂತ ಕಾಕಾ-ಕಾಕು ಒಪ್ಪಿದರು.

ಅವರು ಇಷ್ಟು ಇಳಿದದ್ದಕ್ಕೆ ತಿಂಗಳೂ ಕಾರಣ. ಡಿಸೆಂಬರ್ ದಾಟಿದರೆ ಅಂಗಳದಲ್ಲಿ ನಿಂತ ಗಾಡಿ ಹೋದ ವರ್ಷದ್ದಾಗುತ್ತದೆ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಎರಡೂ ಇರುತ್ತದೆ. ಮೇಲಾಗಿ ನಮ್ಮ ಕಡೆ ಧನುರ್ಮಾಸದಲ್ಲಿ ಹೊಸ ಗಾಡಿ ಮನೆಗೆ ತರುವವರು ಕಡಿಮೆ. ದಸರಾ, ದೀಪಾವಳಿ ಪಾಡ್ಯದಲ್ಲಿ ಸಾಲುಗಟ್ಟಿ ಗಾಡಿ ಹೋಗುವ ಅಂಗಳ ಆಗ ಖಾಲಿ ಹೊಡೆಯುತ್ತಿರುತ್ತದೆ. ಹಬ್ಬದ ದಿನವೇ ಬೇಕು ಅಂದವರಿಗೆ ಯಾರೂ ಹೆಚ್ಚು ಬಿಡುವುದಿಲ್ಲ.

ಡಿಸೆಂಬರಿನ ಗಾಡಿಯನ್ನು ಮೂರು ವರ್ಷಕ್ಕೆ ಮಾರುವವರಿಗೆ ಇದು ಲಾಭವಲ್ಲ. ಕೆಲವೇ ದಿನದಲ್ಲಿ ಅದು ಒಂದು ವರ್ಷ ಹಳೆಯದಾಗಿ ಲೆಕ್ಕಕ್ಕೆ ಬರುತ್ತದೆ. ಕಾಕಾ ಹಿಂದಿನ ಗಾಡಿಯನ್ನು ಹತ್ತು ವರ್ಷ ಮೀರಿ ಓಡಿಸಿದವರು. ಅವರಿಗೆ ಅದು ದೊಡ್ಡ ಸಂಗತಿ ಅಲ್ಲ.

ಆದರೆ ಯಾವ ತಿಂಗಳ ಗಾಡಿ ಅನ್ನೋದು ಮುಖ್ಯ. ಮೊದಲು ತೋರಿಸಿದ ಬಿಳಿ ಗಾಡಿಯ ಪಕ್ಕ ಕಾಕು ಕುಕ್ಕರುಗಾಲಿನಲ್ಲಿ ಕೂತು ಟೈರ್ ನೋಡಿದರು. ಟೈರಿನ ಬದಿಯಲ್ಲಿ ಉದ್ದದ ಗುಳಿಯೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಲ್ಲಿ 1125 ಇತ್ತು. 2025ರ ಹನ್ನೊಂದನೇ ವಾರ, ಅಂದರೆ ಮಾರ್ಚ್. ಗಾಡಿ ಏಪ್ರಿಲ್‌ನದ್ದು ಅಂತ ಹುಡುಗ ಒಪ್ಪಿಕೊಂಡ. ಎಂಟು ತಿಂಗಳು ಬಿಸಿಲಿನಲ್ಲಿ ನಿಂತ ಗಾಡಿ. ಅದು ಬೇಡ, ಅಕ್ಟೋಬರಿನದ್ದು ಕೊಡಿ ಅಂದರು. ಆ ಗಾಡಿಯ ಚಾಸಿ ನಂಬರನ್ನು ಬುಕಿಂಗ್ ಫಾರ್ಮಿನಲ್ಲೇ ಬರೆಸಿಕೊಂಡ ಮೇಲೆ ಹಣ ಕಟ್ಟಿದರು.

ನಮ್ಮ ಆಯಿ, ಅಂದರೆ ಕಾಕಾನ ತಾಯಿ, "ಸಂಕ್ರಮಣ ಆಗಲಿ, ಆಮ್ಯಾಲೆ ಮನಿಗೆ ತರ್ರಿ" ಅಂತ ಪಟ್ಟು ಹಿಡಿದಿದ್ದರು. ಬಿಲ್ಲು, ಪಾಸಿಂಗ್ ಡಿಸೆಂಬರಿನಲ್ಲಿ, ಡೆಲಿವರಿ ಸಂಕ್ರಾಂತಿಗೆ ಅಂತ ತೀರ್ಮಾನ ಆಯಿತು. ಅಲ್ಲಿಯವರೆಗೆ ಗಾಡಿಗೆ ಏನಾದರೂ ಆದರೆ ಹೊಣೆ ಶೋರೂಮಿನದ್ದು ಅಂತ ಬರೆಸಿಕೊಂಡರು. ಎರಡು ವಾರದಷ್ಟು ವಿಮೆ ಸುಮ್ಮನೆ ಹೋಯಿತು, ಅದು ಆಯಿಯ ಮಾತಿಗೆ ಕೊಟ್ಟ ಬೆಲೆ.

ಹಳೆ ಗಾಡಿ

ಹಳೆ ಗಾಡಿಯ ಮಾತನ್ನು ಕಾಕು ಬೇಕಂತಲೇ ಕೊನೆಗೆ ಇಟ್ಟಿದ್ದರು. ಹೊಸ ಗಾಡಿಯ ಬೆಲೆ ಪೂರ್ತಿ ಒಪ್ಪಿ ಬರೆದಾದ ಮೇಲೆ ಅದನ್ನು ತೆಗೆದರು. ಎರಡನ್ನೂ ಒಟ್ಟಿಗೆ ಮಾತಾಡಿದರೆ ಇಲ್ಲಿ ಬಿಟ್ಟದ್ದನ್ನು ಅಲ್ಲಿ ಹಿಡಿಯುತ್ತಾರೆ. 'ಹಳೆ ಗಾಡಿಗೆ 1,85,000' ಅಂತ ಹುಡುಗ ಒಮ್ಮೆ ಹೇಳಿದ್ದ. ಬಿಡಿಸಿ ಕೇಳಿದರೆ ಅದರಲ್ಲಿ ಎಕ್ಸ್‌ಚೇಂಜ್ ಬೋನಸ್ಸಿನ 15,000ವೂ ಸೇರಿತ್ತು. ಬೋನಸ್ ಆಗಲೇ ಮೇಲೆ ಕಳೆದಾಗಿತ್ತು.

ಲೋಕಾಪುರದ ಒಬ್ಬರು 2,10,000 ಕೊಡಲು ಸಿದ್ಧರಿದ್ದರು. ಹೊರಗೆ ಮಾರಿದರೆ ಶೋರೂಮಿನ ಬೋನಸ್ ಸಿಗುವುದಿಲ್ಲ. ಹಾಗಾಗಿ ಹೋಲಿಸಬೇಕಾದದ್ದು 2,10,000 ಮತ್ತು 1,70,000 ಕೂಡಿಸು 15,000. ಕಾಕು ಇದನ್ನೇ ಮುಂದಿಟ್ಟರು. ಮ್ಯಾನೇಜರ್ ಎರಡು ಲಕ್ಷಕ್ಕೆ ಬಂದರು. ಬೋನಸ್ ಸೇರಿ 2,15,000.

ಶೋರೂಮಿನ ಬೆಲೆ ಐದು ಸಾವಿರ ಕಡಿಮೆ ಇದ್ದಿದ್ದರೂ ನಾನು ಅವರಿಗೇ ಕೊಡಿ ಅನ್ನುತ್ತಿದ್ದೆ. ಆರ್‌ಸಿ ಯಾರ ಹೆಸರಿನಲ್ಲಿ ಇದೆಯೋ ಅವರೇ ಮಾಲೀಕರು, ಮಾರಿದ ಮೇಲೂ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗುರುತಿನವರಿಗೆ ಮಾರಿ, ಹೆಸರು ಬದಲಾಯಿಸದೆ ವರ್ಷಗಟ್ಟಲೆ ಬಿಟ್ಟ ಗಾಡಿಗಳು ನಮ್ಮ ಕಡೆ ಎಷ್ಟಿಲ್ಲ? ಶೋರೂಮಿನಲ್ಲೂ ಈ ಅಪಾಯ ಇದ್ದೇ ಇದೆ. ಅವರು ಕೊಂಡ ಗಾಡಿ ಮತ್ತೆ ಮಾರಾಟ ಆಗುವವರೆಗೆ ಹಳೇ ಹೆಸರಿನಲ್ಲೇ ಇರುತ್ತದೆ. ಅದಕ್ಕೇ 2023ರ ಏಪ್ರಿಲ್‌ನಿಂದ ಫಾರ್ಮ್ 29ಸಿ ಬಂದಿದೆ. ಪರವಾನಗಿ ಇರುವ ಹಳೆ ಗಾಡಿ ಡೀಲರಿಗೆ ಗಾಡಿ ಒಪ್ಪಿಸಿದ್ದನ್ನು ಅದರ ಮೂಲಕ ಆರ್‌ಟಿಒಗೆ ತಿಳಿಸಬೇಕು.

ಡಿಸೆಂಬರ್ ಕೊನೆಯ ವಾರ ಹಳೆ ಗಾಡಿ ಒಪ್ಪಿಸಿದರು. ನೋ ಕ್ಲೇಮ್ ಬೋನಸ್ಸಿನ ಪತ್ರಕ್ಕೆ ಆ ದಾಖಲೆ ಬೇಕಿತ್ತು, ಸಂಕ್ರಾಂತಿವರೆಗೆ ಕಾಕಾ ತೋಟಕ್ಕೆ ಬೈಕಿನಲ್ಲೇ ಓಡಾಡಿದರು. ಒಪ್ಪಿಸುವಾಗ ಕಾಕು 29ಸಿಯ ಸ್ವೀಕೃತಿ ಕೇಳಿದರು. "ಆಮ್ಯಾಲೆ ಕಳಸ್ತೀವ್ರಿ" ಅಂದರು. "ಆತು, ನಾವೂ ಕೀಲಿ ಆಮ್ಯಾಲೆ ಕೊಡ್ತೀವಿ" ಅಂದು ಕುರ್ಚಿಯಲ್ಲಿ ಕೂತುಕೊಂಡರು. ಸ್ವೀಕೃತಿಯ ಪ್ರಿಂಟ್ ಕೈಗೆ ಬಂತು. ಗಾಡಿ ಒಪ್ಪಿಸಿದ ದಿನ, ಹೊತ್ತು, ಓಡಿದ ಕಿಲೋಮೀಟರ್ ಮೂರನ್ನೂ ಬರೆದ ಇನ್ನೊಂದು ಚೀಟಿಗೆ ಮ್ಯಾನೇಜರರ ಸಹಿ, ಸೀಲು ಬಿತ್ತು. ಕೀಲಿ ಕೊಟ್ಟದ್ದು ಆಮೇಲೆಯೇ.